ಟವೆಲ್ಲಿನ ಕೆಳಗೆ ಇಂಜಿನಿಯರಿಂಗ್ ಸೀಟು

ಪರೀಕ್ಷೆಯ ಅಂಕಗಳನ್ನು ನೆನಪಿಡುವ ವಿಷಯದಲ್ಲಿ ಮನುಷ್ಯನನ್ನು ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಬೇರೆಯವರ ಮಾತು ಬಿಡಿ, ನನ್ನನ್ನೇ ತೆಗೆದುಕೊಳ್ಳಿ. ಮದುವೆಯಾದ ಹೊಸತರಲ್ಲಿ ನನಗೆ ಪಿಯುಸಿ ಗಣಿತದಲ್ಲಿ ಎಪ್ಪತ್ತೆರಡು ಬಂದಿತ್ತು. ಮಗ ಹುಟ್ಟುವ ಹೊತ್ತಿಗೆ ಅದು ಎಂಬತ್ತಾಯಿತು. ಅವನು ಶಾಲೆಗೆ ಸೇರಿ ಕೂಡೋ ಲೆಕ್ಕ ತಪ್ಪತೊಡಗಿದ ಮೇಲೆ ಒಂದು ದಿನ ಸಿಟ್ಟಿನಲ್ಲಿ ತೊಂಬತ್ತು ದಾಟಿತು. ಹೀಗೇ ಬಿಟ್ಟರೆ ನಾನು ನಿವೃತ್ತನಾಗುವಷ್ಟರಲ್ಲಿ ನೂರಕ್ಕೆ ನೂರಹತ್ತು ಆಗುತ್ತದೆ ಎಂದು ನನ್ನ ಹೆಂಡತಿ ಎಚ್ಚರಿಸಿದ್ದಾಳೆ. ಬೇಕೆಂದು ಸುಳ್ಳು ಹೇಳಿದವನಲ್ಲ ನಾನು. ಆಯಾ ಹೊತ್ತಿಗೆ ಹಾಗೇ ನೆನಪಾಗುತ್ತಿತ್ತು. ಆದ್ದರಿಂದ ಈಗ ಹೇಳಹೊರಟಿರುವುದನ್ನೂ ನೀವು ಸ್ವಲ್ಪ ವಟ್ಟ ಕಳೆದುಕೊಂಡೇ ಓದುವುದು ಒಳ್ಳೆಯದು.

ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ನಾನು ಕಡೂರಿನಲ್ಲಿ ಪಾಠ ಹೇಳುತ್ತಿದ್ದ ಕಾಲ, ಎಪ್ಪತ್ತರ ದಶಕದ ಕೊನೆ. ಇಂಜಿನಿಯರಿಂಗ್ ಸೇರುವುದಕ್ಕೆ ಆಗ ಬೇರೆ ಪ್ರವೇಶ ಪರೀಕ್ಷೆ ಇರಲಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಕೂಡಿಸಿ ಮುನ್ನೂರಕ್ಕೆ ಎಷ್ಟು ಎಂದು ನೋಡಿ, ಮೇಲಿನಿಂದ ಒಬ್ಬೊಬ್ಬರನ್ನೇ ಕರೆಯುತ್ತ ಬರುತ್ತಿದ್ದರು. ಸೀಟು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಒಂದು ಗೆರೆ. ಆ ಗೆರೆ ಈ ಸಲ ಎಲ್ಲಿ ಬೀಳುತ್ತದೆ ಎನ್ನುವುದು ಅದು ಬಿದ್ದ ಮೇಲಷ್ಟೇ ಗೊತ್ತಾಗುತ್ತಿತ್ತು. ಹೀಗಿರುವಾಗ ಚೌಳಹಿರಿಯೂರಿನ ಹುಡುಗನೊಬ್ಬನ ಅಂಕಪಟ್ಟಿ ನೋಡಿ ನಾನು "ನಿನಗೆ ಸಿಗುತ್ತೆ ಹೋಗಪ್ಪ" ಎಂದೆ. ಅವನಿಗೆ ಸಿಕ್ಕಿತು. ಅವನಿಗೆ ಬಂದಿದ್ದ ಅಂಕಕ್ಕೆ ನಮ್ಮ ಮನೆಯ ಹಾಲಿನವನು ಹೇಳಿದ್ದರೂ ಸಿಗುತ್ತಿತ್ತು. ಆದರೆ ಊರು ಹಾಗೆಲ್ಲ ಯೋಚಿಸುವುದಿಲ್ಲ. ಕಡೂರಿನ ಮೇಷ್ಟ್ರು ಅಂಕ ನೋಡಿ ಸೀಟು ಹೇಳುತ್ತಾರಂತೆ ಎಂಬ ಸುದ್ದಿ ಬಸ್ಸು ಹತ್ತಿ ತರೀಕೆರೆ, ಅಜ್ಜಂಪುರಗಳಲ್ಲೆಲ್ಲ ಇಳಿಯಿತು.

ಅಲ್ಲಿಂದ ಮುಂದೆ ಪ್ರತಿವರ್ಷ ಜೂನ್ ತಿಂಗಳಲ್ಲಿ ನನ್ನ ಬಾಳು ನನ್ನದಾಗಿ ಉಳಿಯಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಮೆತ್ತಿಸಿಕೊಂಡು ಕೂತಿದ್ದರೆ, ಕನ್ನಡಿಯೊಳಗಿಂದಲೇ ಒಬ್ಬರು "ಸಾರ್, ಇನ್ನೂರ ಇಪ್ಪತ್ತಕ್ಕೆ ಮೆಕ್ಯಾನಿಕಲ್ ಬತ್ತದಾ?" ಎಂದು ಕೇಳುತ್ತಿದ್ದರು, ಕೊಬ್ಬರಿ ದರ ಕೇಳಿದ ಹಾಗೆ. ನನಗೋ ಅಂಕದ ಮೇಲೇ ನಂಬಿಕೆಯಿಲ್ಲ. ಮೌಲ್ಯಮಾಪನಕ್ಕೆ ಹೋದಾಗ ಊಟಕ್ಕೆ ಮುಂಚೆ ನಾನು ಕೊಡುವ ಅಂಕಕ್ಕೂ ಊಟವಾದ ಮೇಲೆ ಕೊಡುವ ಅಂಕಕ್ಕೂ ಇರುವ ವ್ಯತ್ಯಾಸವನ್ನು ನಾನೇ ಕಂಡವನು. ಅದಕ್ಕೇ ಯಾರು ಕೇಳಿದರೂ "ಖಚಿತವಾಗಿ ಹೇಳೋಕಾಗಲ್ಲ" ಎನ್ನುತ್ತಿದ್ದೆ. ಇದರಿಂದ ಪ್ರಯೋಜನವಾಗಲಿಲ್ಲ. ಜನ ನನ್ನ ಮಾತು ಬಿಟ್ಟು ನನ್ನ ಮುಖ ಓದತೊಡಗಿದರು. "ನೀವು ಕನ್ನಡಕ ತೆಗೆದು ಕೆಳಗಿಟ್ರೆ ಸೀಟಿಲ್ವಂತೆ, ಒರೆಸಿ ಮತ್ತೆ ಹಾಕ್ಕೊಂಡ್ರೆ ಸಿವಿಲ್ ಅಂತೆ, ಮುಟ್ಟದೇ ಇದ್ರೆ ಎಲೆಕ್ಟ್ರಿಕಲ್ ಅಂತೆ ಕಣ್ರೀ, ಬಾವಿಕಟ್ಟೇಲಿ ಮಾತಾಡ್ಕೋತಿದ್ರು" ಎಂದು ಹೆಂಡತಿ ವರದಿ ತಂದಳು. ಅಂದಿನಿಂದ ಮೂಗು ತುರಿಸಿದರೂ ಕೈಯನ್ನು ಕನ್ನಡಕದ ಹತ್ತಿರ ಒಯ್ಯಲು ಹೆದರಿಕೆಯಾಗುತ್ತಿತ್ತು.

ಇಂಥ ಒಂದು ಜೂನಿನಲ್ಲಿ ಅಜ್ಜಂಪುರದಿಂದ ನಮ್ಮ ಭಾವ ಮಗಳನ್ನು ಕರೆದುಕೊಂಡು ಬಂದರು. ಭಾವ ಅಂದರೆ ನನ್ನ ಅಕ್ಕನ ಗಂಡ, ಕಲ್ಲೇಶಪ್ಪ. ಹೊಲದ ಕೆಲಸದ ಜೊತೆಗೆ ಎತ್ತು ಹೋರಿಗಳ ದಲ್ಲಾಳಿ. ಹಲ್ಲು, ಸುಳಿ, ಗೊರಸು ನೋಡಿ ಹೋರಿಯ ಹಣೆಬರಹ ಹೇಳುವವರು. ಹತ್ತಕ್ಕೆ ಮೂರು ಸಲ ತಪ್ಪುತ್ತಿತ್ತು, ಅದನ್ನು ಅವರೇ ನಗುತ್ತ ಒಪ್ಪುತ್ತಿದ್ದರು. ಮಗಳು ಗಿರಿಜ ಪಿಯುಸಿ ಪಾಸಾಗಿದ್ದಳು. ಕಷ್ಟ ಏನೆಂದರೆ ಅವಳ ಅಂಕ ಸರಿಯಾಗಿ ಗೆರೆಯ ಮೇಲೆ ಬಂದು ಕೂತಿತ್ತು. ಹತ್ತು ಹೆಚ್ಚಿದ್ದರೆ ಚಿಂತೆಯಿಲ್ಲ, ಹತ್ತು ಕಡಿಮೆಯಿದ್ದರೆ ಆಸೆಯಿಲ್ಲ. ಜೊತೆಗೆ ಟಿಸಿಎಚ್‌ಗೆ, ಅಂದರೆ ಶಿಕ್ಷಕರ ತರಬೇತಿಗೆ, ಅವಳು ಆಯ್ಕೆಯಾಗಿಬಿಟ್ಟಿದ್ದಳು. ಎರಡು ವರ್ಷ ಓದಿದರೆ ಕೆಲಸ ಹೆಚ್ಚುಕಡಿಮೆ ಕೈಯಲ್ಲಿದ್ದ ಹಾಗೆ. ಆ ಶನಿವಾರದೊಳಗೆ ಅಲ್ಲಿ ಅಸಲು ಅಂಕಪಟ್ಟಿ ಒಪ್ಪಿಸಬೇಕು. ಒಪ್ಪಿಸಿದರೆ ಅದು ಅಲ್ಲೇ ಉಳಿಯುತ್ತದೆ. ಇಂಜಿನಿಯರಿಂಗ್ ಸಂದರ್ಶನಕ್ಕೂ ಅದೇ ಅಸಲು ಬೇಕು. ಒಂದೇ ಕಾಗದ, ಎರಡು ದಾರಿ. ಇದನ್ನು ಬಿಟ್ಟು ಅದಕ್ಕೆ ಕಾದು, ಅದೂ ಸಿಗದಿದ್ದರೆ ಹುಡುಗಿ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂತ ಹುಡುಗಿಗೆ ನೆಂಟರು ಏನನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ.

ಅವರು ಬಂದಾಗ ನಮ್ಮ ಪಡಸಾಲೆ ತುಂಬಿತ್ತು. ತರೀಕೆರೆಯ ದಿನಸಿ ವ್ಯಾಪಾರಿಯೊಬ್ಬರು ಮಗನ ಅಂಕಪಟ್ಟಿ ಹಿಡಿದು ಕೂತಿದ್ದರು. ಅವರ ಪಕ್ಕ ಇನ್ನಿಬ್ಬರು. ಗಿರಿಜ ನೇರ ಅಡುಗೆಮನೆಗೆ ಹೋದಳು. ಅಷ್ಟು ಜನರೆದುರು ಮಗಳ ಅಂಕ ಹೇಳಲು ಭಾವನಿಗೆ ಇಷ್ಟವಿಲ್ಲ. ಚೆನ್ನಾಗಿದೆ ಎಂದರೆ ದೃಷ್ಟಿ, ಸಾಲದು ಎಂದರೆ ಅವಮಾನ. ನನ್ನ ಮಗ್ಗುಲಿಗೆ ಕೂತವರೇ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಬಲಗೈ ಮೇಲೆ ಹಾಸಿದರು. ಅದರ ಕೆಳಗೆ ತಮ್ಮ ಕೈ ತೂರಿಸಿ ನನ್ನ ಬೆರಳು ಹಿಡಿದರು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಅಮುಕಿ ಅಮುಕಿ ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಎರಡು ಮುಖ ಮಾತ್ರ ಕಾಣುತ್ತದೆ. ಚಿಕ್ಕಂದಿನಲ್ಲಿ ಭಾವನ ಹಿಂದೆ ಸಂತೆಗೆ ಹೋಗಿದ್ದರಿಂದ ನನಗೂ ಆ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಭಾವ ಮೊದಲು ಅಂಕ ಅಮುಕಿದರು. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಗಿರಿಜ ಬೈಯುತ್ತಾಳೆ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಹದಿನಾರಾಣೆಗೆ ಎಷ್ಟಾಣೆ ಸಿಕ್ತದೆ? ಬೆರಳಿಗೊಂದಾಣೆ. ಈಗ ಹೇಳು" ಎಂದರು.

ಸಂಭಾವ್ಯತೆಯ ಬಗ್ಗೆ ನಾನು ಎಷ್ಟೋ ಪಾಠ ಮಾಡಿದ್ದೇನೆ. ಹೀಗೆ ಬೆವೆತ ಅಂಗೈಯೊಳಗೆ ಅದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿ ನಾಲ್ಕು ಬೆರಳು ಅಮುಕಿದೆ. ನಾಲ್ಕಾಣೆ. ಭಾವನ ಮುಖದಲ್ಲಿ ಏನೂ ಕಾಣಲಿಲ್ಲ, ದಲ್ಲಾಳಿಯ ಮುಖ ಅದು. ಆದರೆ ಟವೆಲ್ಲಿನ ಕೆಳಗೆ ಅವರ ಕೈ ನನ್ನ ಐದು ಬೆರಳನ್ನೂ ಹಿಡಿದು, ಬಿಟ್ಟು, ಮತ್ತೆ ಐದನ್ನೂ ಹಿಡಿಯಿತು. ಹತ್ತಾಣೆ! ಸಂಭಾವ್ಯತೆಗೆ ಚೌಕಾಸಿ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ತಲೆಯಾಡಿಸಿ ಐದು ಕೊಟ್ಟೆ. ಅವರು ಒಂಬತ್ತಕ್ಕೆ ಇಳಿದರು. ನಾನು ಒಂದೊಂದೇ ಬೆರಳು ಹತ್ತಿದೆ, ಅವರು ಇನ್ನೊಂದು ಬೆರಳು ಇಳಿದು ಅಲ್ಲೇ ಕೂತರು. ಹಾಗೆ ಹೀಗೆ ಎಂಟಾಣೆಗೆ ಬಂದು ನಿಂತಾಗ ಭಾವ ನನ್ನ ಕೈ ಗಟ್ಟಿಯಾಗಿ ಕುಲುಕಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು "ಮುಗೀತು!" ಎಂದರು. ಸಂತೆಯಲ್ಲಿ ಕೈ ಕುಲುಕಿದ ಮೇಲೆ ಹಿಂದೆಗೆಯುವ ಹಾಗಿಲ್ಲ.

ತರೀಕೆರೆಯ ವ್ಯಾಪಾರಿ ಕುತೂಹಲ ತಡೆಯಲಾರದೆ "ಯಾವ್ದು ಸ್ವಾಮಿ, ಜೋಡಿ ಎತ್ತಾ?" ಎಂದರು.

"ಒಂಟಿ. ಮಾರಕ್ಕಲ್ಲ ಬಿಡ್ರಿ, ಬೆಲೆ ತಿಳ್ಕಳಣ ಅಂತ" ಎಂದರು ಭಾವ.

ಒಳಗೆ ಹೋದರೆ ಗಿರಿಜ ಒಲೆಯ ಮುಂದೆ ನಿಂತು, ಉಕ್ಕದ ಹಾಲನ್ನು ಊದುತ್ತಿದ್ದಳು. "ಎಂಟಾಣೆ ಕಣವ್ವ. ಎಂಟಾಣೆ ನಂಬಿಕೆ ಇದ್ರೆ ನಾನು ಹೋರಿ ಹೊಡ್ಕೊಂಡು ಬಂದ್ಬಿಡ್ತೀನಿ. ಟಿಸಿಎಚ್ ಬ್ಯಾಡ, ಕಾಯಣ" ಎಂದರು ಭಾವ. ಅವಳು ನನ್ನ ಕಡೆ ತಿರುಗಿ, "ಎಂಟಾಣೆ ಅಂದ್ರೆ ಏನು ಮಾವ?" ಎಂದಳು. ನಾನು ಮೇಷ್ಟ್ರ ಧಾಟಿಯಲ್ಲಿ ವಿವರಿಸಿದೆ: ನಿನ್ನಂಥ ನೂರು ಹುಡುಗಿಯರು ಅರ್ಜಿ ಹಾಕಿದರೆ ಸುಮಾರು ಐವತ್ತು ಜನಕ್ಕೆ ಸಿಗುತ್ತದೆ ಎಂದರ್ಥ. ಅವಳು, "ನನ್ನಂಥೋರು ನೂರು ಜನ ಎಲ್ಲವ್ರೆ ಮಾವ? ನಾನೊಬ್ಬಳೇ ಅಲ್ವ ಇರೋದು?" ಎಂದಳು. ಈ ಪ್ರಶ್ನೆಗೆ ವಿಶ್ವವಿದ್ಯಾನಿಲಯದಲ್ಲಿ ಒಂದು ಉತ್ತರ ಕಲಿಸಿದ್ದರು. ಅದನ್ನು ಬಿಟ್ಟು ನಾನು "ಹಾಲು ನೋಡ್ಕೊ, ಉಕ್ಕುತ್ತೆ" ಎಂದೆ.

ಶನಿವಾರ ಬಂತು, ಹೋಯ್ತು. ಅಂಕಪಟ್ಟಿ ಅಜ್ಜಂಪುರದ ಮನೆಯ ಪೆಟ್ಟಿಗೆಯಲ್ಲೇ ಉಳಿಯಿತು. ನನ್ನ ನೆಮ್ಮದಿ ಮಾತ್ರ ಆ ಶನಿವಾರವೇ ಎದ್ದು ಹೋಯಿತು. ನನ್ನ ಲೆಕ್ಕದ ನಾಲ್ಕಾಣೆಯನ್ನು ನಾನೇ ಪ್ರೀತಿಗೋ ದಾಕ್ಷಿಣ್ಯಕ್ಕೋ ಎಂಟಾಣೆ ಮಾಡಿದ್ದೆನಲ್ಲ! ಈ ವರ್ಷ ಎಲ್ಲರಿಗೂ ಅಂಕ ಹೆಚ್ಚು ಬಂದಿದೆಯಂತೆ ಎಂದು ಯಾರೋ ಹೇಳಿದ ದಿನ ಊಟ ಸೇರಲಿಲ್ಲ. ಅಜ್ಜಂಪುರದ ಬಸ್ಸು ಕಂಡರೆ ಪಕ್ಕದ ಅಂಗಡಿಗೆ ನುಗ್ಗುತ್ತಿದ್ದೆ. ಆದರೂ ಅಕ್ಕ ಒಮ್ಮೆ ಹಿಡಿದೇಬಿಟ್ಟಳು. "ಲೇ, ಅವ್ರಿಗಂತೂ ಬುದ್ಧಿ ಇಲ್ಲ, ದನ ಕಾಯ್ಕಂಡು ಬೆಳೆದೋರು. ಅಷ್ಟೊಂದು ಓದಿರೋ ನಿನಗೇನಾಗಿತ್ತೋ? ಹುಡುಗಿ ಬಾಳನ್ನ ಟವಲ್ ಅಡಿಗೆ ಇಟ್ಬಿಟ್ರಲ್ಲೋ ಇಬ್ರೂ ಸೇರಿ!" ನಾನು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ. ಅವಳಿಗೆ ಬಾವಿಕಟ್ಟೆಯ ಶಾಸ್ತ್ರ ಗೊತ್ತಿರಲಿಲ್ಲ, ಬೈಗುಳ ಮುಂದುವರಿಯಿತು.

ಸಂದರ್ಶನಕ್ಕೆ ಕಾಗದ ಬಂದಾಗ ಭಾವ, ಗಿರಿಜ, ನಾನು ಮೂವರೂ ಬೆಂಗಳೂರಿಗೆ ಹೋದೆವು. ಒಂದು ದೊಡ್ಡ ಹಜಾರ. ಗೋಡೆಗೆ ಕಪ್ಪು ಹಲಗೆ. ಯಾವ ಕಾಲೇಜಿನಲ್ಲಿ ಯಾವ ವಿಭಾಗದಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಒಬ್ಬೊಬ್ಬರು ಒಳಗೆ ಹೋಗಿ ಬಂದ ಹಾಗೆ ಗುಮಾಸ್ತರೊಬ್ಬರು ಬಂದು ಒಂದನ್ನು ಒರೆಸಿ ಇನ್ನೊಂದು ಬರೆಯುತ್ತಿದ್ದರು. ನಾನು ಹಲಗೆ ನೋಡುತ್ತ ಬೆವರುತ್ತಿದ್ದರೆ ಭಾವ ಸಾಲಿನಲ್ಲಿದ್ದ ಹುಡುಗರನ್ನು ಹೋರಿ ನೋಡಿದ ಹಾಗೆ ನೋಡುತ್ತಿದ್ದರು. ಗಿರಿಜಳಿಗಿಂತ ಮುಂದಿದ್ದವರಲ್ಲಿ ಕೆಲವರಿಗೆ ಮೆಡಿಕಲ್ಲಿಗೂ ಅರ್ಜಿ ಇದೆ ಎಂದು ತಿಳಿದದ್ದೇ ತಡ, ಒಬ್ಬೊಬ್ಬನ ಹತ್ತಿರವೂ ಹೋದರು. "ಏನಪ್ಪಾ, ಕೈ ತೋರ್ಸು ಒಂದ್ಸಲ. ಆಹಾ! ಇದು ಡಾಕ್ಟ್ರ ಕೈ ಕಣಪ್ಪಾ. ಈ ಕೈಯಾಗೆ ಇಟ್ಟಿಗೆ ಹಿಡೀತೀಯಾ?" ಎಂದು ಅವರ ಮನಸ್ಸು ತಿರುಗಿಸಲು ನೋಡಿದರು. ನಾನು ನಾಚಿಕೆಯಿಂದ ಕಂಬದ ಹಿಂದೆ ಸರಿದೆ. ಒಬ್ಬ ಹುಡುಗ ಮಾತ್ರ ತನ್ನ ಕೈಯನ್ನು ಬಹಳ ಹೊತ್ತು ನೋಡಿಕೊಂಡು ಕೂತಿದ್ದ. ಅವನು ಕೊನೆಗೆ ಏನಾದನೋ ಗೊತ್ತಿಲ್ಲ.

ಗಿರಿಜಳ ಹೆಸರು ಕರೆದಾಗ ಹಲಗೆಯ ಮೇಲೆ ಬಹಳವೇನೂ ಉಳಿದಿರಲಿಲ್ಲ. ಅವಳು ಒಳಗೆ ಹೋದಳು. ಭಾವ ಅಲ್ಲಿಯವರೆಗೆ ಒಂದು ಕಡೆ ನಿಂತವರಲ್ಲ, ಈಗ ಕದಲದೆ ನಿಂತರು. ಬಾಗಿಲು ತೆರೆದು ಅವಳು ಬಂದಾಗ ನಾನು ಮುಖ ನೋಡಲಿಲ್ಲ, ಹಲಗೆ ನೋಡಿದೆ. ಗುಮಾಸ್ತರು ಬಂದು ಉತ್ತರ ಕರ್ನಾಟಕದ ಒಂದು ಸರ್ಕಾರಿ ಕಾಲೇಜಿನ ಎದುರು ಸಿವಿಲ್ ಎಂಬಲ್ಲಿದ್ದ ಅಂಕಿಯನ್ನು ಒರೆಸಿದರು. ಅಷ್ಟು ಸುಂದರವಾಗಿ ಹಲಗೆ ಒರೆಸಿದ್ದನ್ನು ಮೇಷ್ಟ್ರಾದ ನಾನು ಇನ್ನೆಲ್ಲೂ ಕಂಡಿಲ್ಲ.

ಅವಳು ಹಾಸ್ಟೆಲ್ಲಿಗೆ ಹೊರಟ ದಿನ ಅಜ್ಜಂಪುರದ ರೈಲು ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಜೊತೆಗೆ ಹೋಗುತ್ತಿದ್ದ ಅಕ್ಕ ಆಗಲೇ ಒಳಗೆ ಕೂತು ಗಂಟುಮೂಟೆ ಎಣಿಸುತ್ತಿದ್ದಳು. ಗಿರಿಜ ಕಿಟಕಿಯ ಸರಳು ಹಿಡಿದು ಕೂತಿದ್ದಳು, ಮುಖ ಸಣ್ಣದಾಗಿತ್ತು. "ಅಲ್ಲಿ ಎಲ್ಲ ಹುಡುಗ್ರೇ ಅಂತಲ್ಲಪ್ಪ. ನನ್ನ ಕೈಲಾಗ್ತದಾ?" ಎಂದಳು. ಭಾವ ಗಟ್ಟಿಯಾಗಿ ನಕ್ಕರು. "ಹುಚ್ಚಿ, ನಿಮ್ಮ ಮಾವ ಅವತ್ತು ಎಷ್ಟು ಅಂದಿದ್ದ ಗೊತ್ತಾ? ಮೊದಲನೇ ಮಾತಿಗೇ ಹನ್ನೆರಡಾಣೆ! ನಾನೇ ನಂಬ್ಲಿಲ್ಲ, ಎಳೆದೂ ಎಳೆದೂ ಎಂಟಕ್ಕೆ ಇಳಿಸ್ದೆ."

ನಾನು ಬೆಚ್ಚಿಬಿದ್ದೆ. "ಏನ್ ಭಾವ, ನಾನು ಅಂದಿದ್ದು..." ಎಂದು ಶುರುಮಾಡಿದೆ.

"ಸುಮ್ನಿರಯ್ಯ. ಕೊಳ್ಳಕ್ಕೆ ಬಂದೋನು ನಾನು. ಕೊಳ್ಳೋನು ಎಲ್ಲಾದ್ರೂ ಬೆಲೆ ಏರಿಸ್ತಾನಾ?" ಎಂದರು ಭಾವ.

ಸಂತೆಯ ತರ್ಕದ ಪ್ರಕಾರ ಅದು ಸರಿಯೇ. ಒಂದು ಕ್ಷಣ ನನಗೇ ಅನುಮಾನ ಬಂತು. ನಿಜವಾಗಿ ಯಾರು ಏರಿಸಿದ್ದು, ಯಾರು ಇಳಿಸಿದ್ದು? ಟವೆಲ್ಲಿನ ಕೆಳಗೆ ಏನಾಯಿತು ಎಂಬುದಕ್ಕೆ ನಮ್ಮಿಬ್ಬರನ್ನು ಬಿಟ್ಟರೆ ಸಾಕ್ಷಿಯಿಲ್ಲ. ಭಾವನ ಮುಖ ನೋಡಿದೆ. ಅದೇ ದಲ್ಲಾಳಿಯ ಮುಖ, ಏನೂ ತಿಳಿಯಲಿಲ್ಲ. ಗಿರಿಜ ನನ್ನನ್ನೇ ನೋಡುತ್ತಿದ್ದಳು. "ಹೌದಾ ಮಾವ? ಹನ್ನೆರಡಾ?"

ಸತ್ಯವನ್ನು ಪುರಾವೆಯಿಲ್ಲದೆ ಒಪ್ಪಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು ನಾನು. ರೈಲು ಕೂಗಿತು. "ಹೌದು ಕಣೇ, ಹನ್ನೆರಡೇ. ಹದಿಮೂರು ಅನ್ನೋಣ ಅಂತಿದ್ದೆ, ನಿಮ್ಮಪ್ಪ ಬಿಡಲಿಲ್ಲ" ಎಂದೆ, ಇಡೀ ಪ್ಲಾಟ್‌ಫಾರಂಗೆ ಕೇಳುವ ಹಾಗೆ. ಅವಳು ನಕ್ಕು ಸರಳಿನಿಂದ ಕೈ ಬಿಟ್ಟು ಬೀಸಿದಳು. ರೈಲು ಶಿವನಿಯ ಕಡೆ ಹೊರಟಿತು. ನಾವಿಬ್ಬರೂ ಕಾಫಿ ಕುಡಿಯಲು ಹೋದೆವು.

ಅವಳು ಈಗ ನೀರಾವರಿ ಇಲಾಖೆಯಲ್ಲಿ ಇಂಜಿನಿಯರು. ಮಾವ ಹನ್ನೆರಡಾಣೆ ಅಂದಿದ್ದರು ಎಂದು ಸಿಕ್ಕವರಿಗೆಲ್ಲ ಹೇಳುತ್ತಾಳೆ. ನಾನೂ ಹೂಂಗುಟ್ಟಿ ಹೂಂಗುಟ್ಟಿ, ಈಚೆಗೆ ನಾಲ್ಕಾಣೆಯ ನೆನಪೇ ಮಸುಕಾಗಿದೆ. ಕಣ್ಣು ಮುಚ್ಚಿದರೆ, ನನ್ನ ಕೈಯ ಹನ್ನೆರಡು ಬೆರಳನ್ನೂ ಒಂದೇ ಸಲಕ್ಕೆ ಚಾಚಿ ಭಾವನ ಅಂಗೈಯಲ್ಲಿ ಇಟ್ಟದ್ದು ಸ್ಪಷ್ಟವಾಗಿ ನೆನಪಾಗುತ್ತದೆ.