ಚೆಲುವಿಗೆ ಗಂಡು ನೋಡಿದ್ದು

ನಾಯಿಗೆ ಗಂಡು ಹುಡುಕಲು ಹೊರಟರೆ ನಗು ಬರುವಂಥದ್ದೇ ಒಂದರ ಹಿಂದೆ ಒಂದು ಆಗುತ್ತದೆ. ನಾನು ಹೊರಟಿದ್ದು ನನ್ನ ಹೆಂಡತಿಗಾಗಿ. ಚೆಲುವಿ ಅವಳು ಸಾಕಿದ ಅಲ್ಸೇಶಿಯನ್ ನಾಯಿ. "ಇವಳ್ಗೆ ಮರಿ ಆದ್ರೆ ಒಂದನ್ನ ನಮ್ಮಟ್ಟೀಲೇ ಇಟ್ಕಳಮ" ಅನ್ನುತ್ತಿದ್ದಳು. ಅವಳು ತೀರಿಹೋಗಿ ವರ್ಷವಾಯಿತು. ಮಂಜು ಬಿದ್ದ ಬೆಳಗಿನಲ್ಲಿ ಈಗಲೂ ಹಿತ್ತಲಿಂದ ಅವಳು ಚೆಲುವಿಯನ್ನು ಕರೆದ ಹಾಗೆ ಕೇಳುತ್ತದೆ. ಚೆಲುವಿಯೂ ಕಿವಿ ಎತ್ತುತ್ತಾಳೆ.

ಕೊಳ್ಳೇಗಾಲ

ದನದ ಡಾಕ್ಟರು ಮೊದಲು ಕೇಳಿದ್ದು, "ಇದರ ಅಪ್ಪ ಹೇಗಿತ್ತು?"

"ನಾಕು ವರ್ಸಕ್ಕೇ ಹಿಂಗಾಲು ಬಿದ್ದೋಯ್ತು ಸಾ."

"ಸೊಂಟದ ಕೀಲಿನ ದೋಷ ಇರಬೇಕು. ಅದು ಮರಿಗಳಿಗೂ ಇಳಿಯುತ್ತೆ. ಗಂಡಿನ ಅಪ್ಪ ಅಮ್ಮನ್ನ ವಿಚಾರಿಸಿ. ಒಂದೇ ರಕ್ತ ಬೇಡ. ಎರಡಕ್ಕೂ ಎಕ್ಸ್‌ರೇ ತೆಗೆಸಿ, ಆಮೇಲೆ ಕ್ರಾಸ್ ಮಾಡಿಸಿ."

ಪಕ್ಕದಲ್ಲಿ ಎಮ್ಮೆ ಹಿಡಿದು ನಿಂತಿದ್ದ ಯಜಮಾನರಿಗೆ ಆಶ್ಚರ್ಯ. "ಇದೇನ್ ಸಾ, ನಾನು ಅಕ್ಕನ ಮಗಳನ್ನೇ ಕಟ್ಕಂಡಿವ್ನಿ. ನನ್ನ ಯಾರೂ ಏನೂ ಕೇಳ್ನಿಲ್ಲ?"

ಡಾಕ್ಟರು ತಲೆ ಎತ್ತಲಿಲ್ಲ. "ನಿಮ್ಮನ್ನ ಯಾರೂ ನನ್ನ ಹತ್ರ ಹಿಡಕೊಂಡು ಬರಲಿಲ್ಲವಲ್ಲ."

ಯಳಂದೂರು

ಇಲ್ಲಿಯ ಗಂಡು ನೋಡಲು ರಾಜನ ಹಾಗಿತ್ತು. ಅಪ್ಪ ಯಾವುದು ಅಂದೆ. ಸಾಕಿದವರು ಹೇಳಿದರು. ಚೆಲುವಿಯ ಅಪ್ಪನೇ.

"ಅಣ್ಣ ತಂಗಿ ಆಯ್ತವೆ. ಬ್ಯಾಡ ಬುಡಿ."

"ಒಂದೇ ಮನೆತನ ಒಳ್ಳೇದಲ್ವಾ? ಆಸ್ತಿ ಆಚೆ ಓಗಾಕಿಲ್ಲ."

"ಆಸ್ತಿ ಅಂದ್ರೆ ಆ ಬಿದ್ದೋದ ಹಿಂಗಾಲಾ?"

"ಪಾಲು ಅಂದ್ಮೇಲೆ ಅದೂ ಬರ್ಲೇಬೇಕಲ್ಲ ಯಜಮಾನ್ರೇ."

ಹನೂರು

ದಿನಸಿ ಅಂಗಡಿಯವರ ಗಂಡು. ಅಪ್ಪ ಅಮ್ಮ ಎರಡೂ ಮುದಿಯಾದರೂ ಅಂಗಳದಲ್ಲಿ ಓಡುತ್ತಿದ್ದವು. ಗಂಡಿನ ಎಕ್ಸ್‌ರೇ ಕೂಡ ಆಗಿತ್ತು, ಕೀಲು ಗಟ್ಟಿ. ಆದರೂ, "ವಸಿ ನಡೆಸಿ ನೋಡಮ" ಅಂದೆ.

ಒಳಗಿಂದ ಅಂಗಡಿಯವರ ತಾಯಿ ಕೂಗಿದರು. "ಗಂಡನ್ನ ಎಲ್ಲಾರ ನಡೆಸಿ ನೋಡ್ತಾರಾ? ನಡೀಬೇಕಾದ್ದು ಎಣ್ಣು!"

ಚೆಲುವಿ ನಡೆದಳು. ಗಂಡಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬಂದು ಅವರು ನನಗೆ ಕೊಟ್ಟಿದ್ದ ತಟ್ಟೆಯ ಉಪ್ಪಿಟ್ಟಿಗೆ ಬಾಯಿ ಹಾಕಿದಳು.

"ಎಣ್ಣು ಒಪ್ಕತು" ಅಂದರು ಅಜ್ಜಿ.

ಒಂದು ಫೋನು

ಇನ್ನು ಚೆಲುವಿಯ ಎಕ್ಸ್‌ರೇ. ಡಾಕ್ಟರು ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೀರಿನಲ್ಲಿ ಮೋಡ ಕಂಡ ಹಾಗಿತ್ತು. ತೊಡೆಯ ಎಲುಬು ಸೊಂಟದ ಗುಂಡಿಯಲ್ಲಿ ಸರಿಯಾಗಿ ಕೂತಿರಲಿಲ್ಲ.

"ನಡೀತಾಳಲ್ಲ ಸಾ."

"ಈಗ ನಡೀತಾಳೆ. ಮರಿಗಳ ಪಾಡು?"

ಆ ಬಿಳಿಯನ್ನೇ ನೋಡುತ್ತಾ ಕೂತೆ. ನನ್ನ ಹೆಂಡತಿ ಕೇಳಿದ್ದು ಮರಿ. ನೋವು ತಿನ್ನುವ ಮರಿಯನ್ನು ಅವಳು ಕೇಳಿರಲಿಲ್ಲ. "ಬ್ಯಾಡ ಸಾ, ಮರಿ ಆಗ್ದಂಗೆ ಆಪರೇಷನ್ ಮಾಡ್ಬುಡಿ" ಅಂದೆ.

ಹನೂರಿಗೆ ಫೋನ್ ಮಾಡಿದೆ. "ಸಂಬಂಧ ಬ್ಯಾಡ ಕಣ್ರಿ. ನಮ್ಮ ಹೆಣ್ಣಿಗೇ ಸೊಂಟ ಸರಿಯಿಲ್ಲ."

ಅಂಗಡಿಯವರು ಅಂದರು, "ಮನುಸರ ಮದ್ವೇಲೂ ಯಾರೂ ಇಂಗೆ ನಿಜ ಯೋಳಾಕಿಲ್ಲ. ನಿಮ್ಮಂತ ಮನೆ ಸಿಕ್ಕಾಕಿಲ್ಲ ಕಣ್ರಿ. ನಮ್ ದೊಡ್ಡವ್ವನ ಮಗಳು ಒಬ್ಬಳವ್ಳೆ, ಗಂಡ ತೀರೋಗವ್ನೆ. ನೀವೂ ಒಬ್ರೇ ಅಂದಿದ್ರಿ. ಬಂದು ನೋಡ್ತೀರಾ?"

ಕಾಲ ಬಳಿ ಮಲಗಿದ್ದ ಚೆಲುವಿಯ ತಲೆ ಸವರಿದೆ.

"ಬ್ಯಾಡ ಕಣ್ರಿ. ನಂಗೂ ಸೊಂಟ ಸರಿಯಿಲ್ಲ."

"ಅಂಗೆಲ್ಲ ಬಾಯಲ್ಲಿ ಯೋಳುದ್ರೆ ನಡ್ಯಾಕಿಲ್ಲ ಯಜಮಾನ್ರೇ" ಅಂದರು. "ಎಕ್ಸ್‌ರೇ ತೋರ್ಸಿ."