ಬೋರಲು ಬಿದ್ದ ದೇವರ ಗಡಿಗೆ

ನಮ್ಮತ್ತೆ ದೇವರ ಸಂಗಡ ಮಾತು ಬಿಟ್ಟಿದ್ದರು ಎಂದರೆ ನೀವು ನಂಬುವುದಿಲ್ಲ. ದೇವರೇ ಇಲ್ಲ ಎನ್ನುವ ಪೈಕಿ ಅವರಲ್ಲ! ವಾರ ತಪ್ಪದೆ ಚರ್ಚಿಗೆ ಹೋಗಿ ಮುಂದಿನ ಸಾಲಿನಲ್ಲೇ ಕೂಡುತ್ತಿದ್ದರು. ಆದರೆ ತುಟಿ ಬಿಗಿದು, ಮುಖ ಗೋಡೆಯ ಕಡೆ ತಿರುಗಿಸಿ. ಮಾತು ಬಿಟ್ಟ ಮೇಲೆ ಹೋಗುವುದೇಕೆ ಎಂದು ಕೇಳಿದರೆ, "ನಾ ಸಿಟ್ಟಾಗೇನಿ ಅಂತ ಅವಂಗ ಗೊತ್ತಾಗಬೇಕಲ್ಲ! ಮನ್ಯಾಗ ಕುಂತ್ರ ಹೆಂಗ ಗೊತ್ತಾಗತೈತಿ?" ಎನ್ನುತ್ತಿದ್ದರು. ಇಂಥವರಿಗೆ ಯಾರು ಏನು ಹೇಳಬೇಕು?

ನಮ್ಮ ಕ್ರೈಸ್ತರ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಒಲೆ ಹೊತ್ತಿಸುವ ಮೊದಲು ಮನೆಯಾಕೆ ಒಂದು ಹಿಡಿ ಜೋಳವನ್ನು ದೇವರ ಗಡಿಗೆಗೆ ಹಾಕಬೇಕು. ಸುಗ್ಗಿ ಹಬ್ಬದ ಭಾನುವಾರ ಗಡಿಗೆ ಹೊತ್ತು ಚರ್ಚಿಗೆ ಒಯ್ಯಬೇಕು. ಬೆಟಗೇರಿಯ ನಮ್ಮ ಓಣಿಯ ಬೇರೆ ಮನೆಗಳಲ್ಲಿ ಆ ಗಡಿಗೆ ವರ್ಷವಿಡೀ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ನಮ್ಮ ಮನೆಯಲ್ಲಿ? ಅತ್ತೆಗೆ ದೇವರ ಮೇಲೆ ಸಿಟ್ಟು ಬಂತೋ, ಇದ್ದ ಜೋಳವನ್ನು ಚೀಲಕ್ಕೆ ಸುರಿದು ಗಡಿಗೆಯನ್ನು ದಬಕ್ಕನೆ ಬೋರಲು ಹಾಕುತ್ತಿದ್ದರು. ದೇವರ ಪಡಿ ಬಂದ್!

ಒಣಹಾಕಿದ ಸಂಡಿಗೆಯ ಮೇಲೆ ಒಮ್ಮೆ ಮಳೆ ಬಂತು. ಅಂಗಳದಲ್ಲಿ ನಿಂತು ಆಕಾಶಕ್ಕೆ ಕೈ ತೋರಿಸಿದರು. "ಹಮ್ಮಿಗ್ಯಾಗ ನಮ್ಮಣ್ಣನ ಹೊಲ ಒಣಗಾಕತ್ತೈತಿ. ಅಲ್ಲಿ ಬೀಳೂದು ಬಿಟ್ಟು ನನ್ನ ಸಂಡಿಗಿ ಮ್ಯಾಲ ಬಿದ್ದಿಯಲ್ಲ, ಕಣ್ಣ ಕಾಣೂದಿಲ್ಲೇನ್ ನಿನಗ?" ಗಡಿಗೆ ಬೋರಲು ಬಿತ್ತು. ವಾರದ ಮೇಲೆ ಹಮ್ಮಿಗಿಗೂ ಮಳೆಯಾದ ಖಬರ ಬಂದಾಗ, "ನೋಡು, ಸೋತ!" ಎಂದು ಎತ್ತಿಟ್ಟರು. ಮುಷ್ಕರ ಹೂಡಿದವರನ್ನು ಸರಕಾರ ಜೈಲಿಗೆ ನೂಕುತ್ತಿದ್ದ ಎಮರ್ಜೆನ್ಸಿಯ ಕಾಲ ಅದು. ನಮ್ಮ ಅಡುಗೆಮನೆಯಲ್ಲಿ ಮಾತ್ರ ಪರಲೋಕದ ವಿರುದ್ಧವೇ ಮುಷ್ಕರ!

ನಾನೋ, ಲಕ್ಷ್ಮೇಶ್ವರದಿಂದ ಬಂದ ಸೊಸೆ, ರೊಟ್ಟಿ ಉಬ್ಬಿದರೂ ದೇವರಿಗೆ ಸ್ತೋತ್ರ ಎನ್ನುವವಳು. ನಳಕ್ಕೆ ನೀರು ಬಂತೆ, ಸ್ತೋತ್ರ. ಸೀಮೆಎಣ್ಣೆ ಸಿಕ್ಕಿತೆ, ಸ್ತೋತ್ರ. ಅತ್ತೆ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. "ಏ ತಂಗಿ, ನಿನ್ನ ಸ್ತೋತ್ರ ಕೇಳಿ ಕೇಳಿ ಅವಂಗ ನಿದ್ದಿ ಹತ್ತೇತಿ. ನಡುನಡುವ ಒಂದೀಟು ಬೈಬೇಕು, ಎಚ್ಚರಿರತಾನ!"

ಮದುವೆಯಾಗಿ ಬಹಳ ವರ್ಷಗಳ ಮೇಲೆ ನನಗೊಬ್ಬಳು ಮಗಳು ಹುಟ್ಟಿದಳು. ಹೆಸರಿಡುವ ಮೊದಲೇ ಹೋದಳು. ದೀಕ್ಷಾಸ್ನಾನಕ್ಕೆಂದು ಹೊಲಿಸಿದ್ದ ಬಿಳಿ ಅಂಗಿಯಲ್ಲೇ ಮಣ್ಣು ಮಾಡಿದೆವು. ಅತ್ತೆ ಅಲ್ಲಿಂದ ಬಂದವರು ಕಾಲು ಕೂಡ ತೊಳೆಯದೆ ಒಳಗೆ ಹೋಗಿ ಗಡಿಗೆ ಬೋರಲು ಹಾಕಿದರು.

ನಾನು ಅಳಲಿಲ್ಲ. "ದೇವರ ಚಿತ್ತ" ಎಂದೆ. ಬಂದವರೂ ಅದನ್ನೇ ಹೇಳಿದರು. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ದೇವರು ಇವರ ಕಿವಿಯಲ್ಲಿ ಹೇಳಿ ಹೋಗಿದ್ದನೇ? "ಹೆಣ್ಣಕೂಸಲ್ಲಾ, ಬಿಡವ್ವಾ" ಎಂದವರೂ ಇದ್ದರು! ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟರು. "ದೇವರ ಚಿತ್ತ ಅನ್ನಾವರು ಹೊರಗ ಅಂದು ಒಳಗ ಬರ್ರಿ. ಒಳಗ ಅಂದ್ರ ಚಾ ಸಿಗೂದಿಲ್ಲ!" ಎದುರುಮನೆಯ ಮುಸಲ್ಮಾನರ ಖಾಲಾ ಒಬ್ಬಾಕೆ ಮಾತ್ರ ಏನೂ ಅನ್ನಲಿಲ್ಲ. ಮೊರ ಎಳೆದುಕೊಂಡು ನಮ್ಮ ಜೋಳ ಹಸನು ಮಾಡಿಟ್ಟು ಎದ್ದು ಹೋದಳು. ಅದಕ್ಕೂ ಸ್ತೋತ್ರ.

ಪಾದ್ರಿ ಅಯ್ಯನವರು ಬಂದರು. ಬೋರಲು ಬಿದ್ದ ಗಡಿಗೆ ನೋಡಿ ಮೆಲ್ಲಗೆ, "ಅವ್ವಾರ, ದೇವರ ಮ್ಯಾಲ ಸಿಟ್ಟ ಮಾಡಬಾರದರಿ" ಎಂದರು.

"ಮತ್ತ್ಯಾರ ಮ್ಯಾಲ ಮಾಡ್ಲಿರಿ ಅಯ್ಯಾರ? ನಿಮ್ಮ ಮ್ಯಾಲ ಮಾಡಿದ್ರ ನೀವು ತಡಕೊಂತೀರೇನು?"

ಅಯ್ಯನವರು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ತಿಂಗಳುಗಳು ಕಳೆದರೂ ಗಡಿಗೆ ಏಳಲಿಲ್ಲ. ನನಗೆ ಭಯ. ಯಾರಿಗೂ ಕಾಣದಂತೆ ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಆಗಾಗ ಹಿಡಿ ಜೋಳ ಹಾಕತೊಡಗಿದೆ. ಅತ್ತೆಯ ಕೈಗೆ ಸಿಕ್ಕಿಬೀಳಬೇಕೇ!

"ಲಂಚ ಕೊಡಾಕತ್ತಿಯೇನ? ನಾ ಇಲ್ಲಿ ಮುಷ್ಕರ ಕುಂತೇನಿ, ನೀ ಹಿತ್ತಲ ಬಾಗಲದಿಂದ ಜ್ವಾಳ ಕೊಡತೀ?"

"ಎಷ್ಟ ದಿನ ಅತ್ತಿ ನಿಮ್ಮ ಸಿಟ್ಟು? ಸುಗ್ಗಿ ಹಬ್ಬ ಬಂತು. ಮಂದಿ ಗಡಿಗಿ ಹೊತ್ತ ಹೋಗುವಾಗ ನಾವು ಬರಿಗೈಲೆ ಹೋಗೂದೇನು?"

"ನನ್ನ ಸಿಟ್ಟು ಯಾವತ್ತೋ ಮುಗದೈತಿ," ಎಂದರು ಅತ್ತೆ. "ನಿಂದು ಇನ್ನಾ ಚಾಲೂನ ಆಗಿಲ್ಲ. ಒಮ್ಮೆರ ಅವನ್ನ ಬೈ. ಅಲ್ಲೀತನಕ ಗಡಿಗಿ ಏಳೂದಿಲ್ಲ."

"ನಾ ಬೈಯೂದಿಲ್ಲ!"

"ಹಂಗಾದ್ರ ಗಡಿಗೀನೂ ಏಳೂದಿಲ್ಲ!"

ನಾನು ಅತ್ತೆಯ ಸಂಗಡ ಮಾತು ಬಿಟ್ಟೆ. ಮಗ್ಗದ ಕುಣಿಯಲ್ಲಿ ಕೂತಿದ್ದ ನಮ್ಮ ಮನೆಯವರು ಲಾಳಿ ನಿಲ್ಲಿಸಿ, "ಯವ್ವಾ, ಒಬ್ಬಾಕಿ ದೇವರ ಕೂಡ ಮಾತ ಬಿಟ್ಟಾಳ, ಒಬ್ಬಾಕಿ ಅತ್ತಿ ಕೂಡ. ನಾ ಯಾರ ಕೂಡ ಮಾತಾಡ್ಲಿ?" ಎಂದರು.

"ಮಗ್ಗದ ಕೂಡ ಮಾತಾಡು!" ಎಂದರು ಅತ್ತೆ.

ಹಬ್ಬದ ಭಾನುವಾರ ಬಂದೇ ಬಂತು. ಹೆಂಗಸರು ಗಡಿಗೆ ಹೊತ್ತು ಓಣಿಯಲ್ಲಿ ಹೊರಟಿದ್ದರು. ಹಬ್ಬಕ್ಕೆಂದು ಶಿರಹಟ್ಟಿಯಿಂದ ಬಂದಿದ್ದ ನಮ್ಮವರ ದೊಡ್ಡಮ್ಮ ನಮ್ಮನ್ನು ಕರೆಯಲು ಅಡುಗೆಮನೆಗೇ ನುಗ್ಗಿ ನನ್ನ ತಲೆ ಸವರಿದರು. "ಅಳಬ್ಯಾಡವ್ವಾ. ದೇವರ ತ್ವಾಟಕ್ಕ ಒಂದು ಹೂ ಕಡಿಮಿ ಬಿದ್ದಿತ್ತು, ಹರಕೊಂಡ."

ನಾನೆಲ್ಲಿ ಅಳುತ್ತಿದ್ದೆ? ಆದರೆ ಒಳಗೆ ಏನೋ ಪಟ್ಟನೆ ಹರಿಯಿತು.

"ಕಡಿಮಿ ಬಿದ್ದಿತ್ತೇನ್ರಿ? ಅವನ ತ್ವಾಟದಾಗ ಹೂವಿಗೆ ಬರ ಬಂದಿತ್ತೇನು? ನನ್ನ ಮನ್ಯಾಗ ಇದ್ದದ್ದ ಒಂದು!" ಅಷ್ಟಕ್ಕೆ ನಿಲ್ಲಲಿಲ್ಲ. ಮುಖ ತಾನಾಗಿ ಮಾಳಿಗೆಯ ಕಡೆ ತಿರುಗಿತು. "ಯಾಕ ಸ್ವಾಮಿ? ಒಂದು ಹೆಸರಿಡಾಕೂ ಬಿಡಲಿಲ್ಲಲ್ಲ! ನೀರು ಬಂದ್ರೂ ಸ್ತೋತ್ರ ಅಂದೆ, ರೊಟ್ಟಿ ಉಬ್ಬಿದ್ರೂ ಸ್ತೋತ್ರ ಅಂದೆ. ಅದಕ್ಕ ಇದೇನ ನಿನ್ನ ನ್ಯಾಯ?"

ದೊಡ್ಡಮ್ಮ ಒಂದು ಚಪ್ಪಲಿ ನಮ್ಮ ಬಾಗಿಲಲ್ಲೇ ಬಿಟ್ಟು ಓಡಿದರು. ನಾನು ಒಲೆಯ ಮುಂದೆ ಕುಸಿದು, ಬೈಯುತ್ತ ಅತ್ತುಬಿಟ್ಟೆ, ಅಳುತ್ತ ಬೈದೆ. ನನಗೆ ಅಷ್ಟೊಂದು ಬೈಗುಳ ಬರುತ್ತವೆಂದು ನನಗೇ ಗೊತ್ತಿರಲಿಲ್ಲ! ಅತ್ತೆ ಸುಮ್ಮನಿರು ಎನ್ನಲಿಲ್ಲ, ಕಣ್ಣೊರೆಸಲಿಲ್ಲ. ವಾಂತಿ ಮಾಡುವ ಕೂಸಿನ ಬೆನ್ನು ನೀವುವ ಹಾಗೆ ನೀವುತ್ತ ಕೂತರು.

ನನ್ನ ಮಾತು ತೀರಿದ ಮೇಲೆ ಎದ್ದರು. ಗಡಿಗೆ ಎತ್ತಿ, ಸೆರಗಿನಿಂದ ಒರೆಸಿ, ನನ್ನ ಡಬ್ಬಿಯ ಜೋಳವನ್ನು ಅದಕ್ಕೆ ಸುರಿದರು. ತಳ ಮುಚ್ಚುವಷ್ಟೂ ಇರಲಿಲ್ಲ.

"ಕೇಳಿಸ್ತೋ ಇಲ್ಲೋ ಸ್ವಾಮಿ? ಈಕಿ ಮಾತ ಮುಗದಾವು. ಈಗ ತಗೋ ನಿನ್ನ ಜ್ವಾಳ," ಎಂದು ಗಡಿಗೆಯನ್ನು ನನ್ನ ತಲೆಯ ಮೇಲಿಟ್ಟರು.

ಎಲ್ಲರಿಗಿಂತ ಹಿಂದೆ, ಊದಿದ ಕಣ್ಣಿನಲ್ಲಿ ನಡೆದೆ. ಹಾದಿಯಲ್ಲಿ ಬಣ್ಣ ಹಾಕಿ ಒಣಗಲು ಬಿಟ್ಟ ನೂಲಿನ ಮೇಲೆ ಬಿಸಿಲು ಬಿದ್ದಿತ್ತು. ಕೆಂಪು, ಹಳದಿ. ಎಷ್ಟು ಚೆಂದ ಕಂಡಿತೆಂದರೆ ಅದರ ಮೇಲೂ ನನಗೆ ಸಿಟ್ಟು ಬಂತು. ಹಲ್ಲು ಕಡಿದೇ ಸ್ತೋತ್ರ ಎಂದೆ. ಚರ್ಚಿನಲ್ಲಿ ಅತ್ತೆ ಆ ದಿನ ಬಾಯಿಬಿಟ್ಟು ಹಾಡಿದರು. ರಾಗ ಒಂದೂ ಸರಿಯಿರಲಿಲ್ಲ.

ಈಗ ಗಡಿಗೆ ನನ್ನ ಕೈಯಲ್ಲಿದೆ. ಅತ್ತೆ ಅವನ ಹತ್ತಿರವೇ ಹೋಗಿದ್ದಾರೆ. ಪಾಪ, ಅವನ ಗತಿ! ನನಗೊಂದು ಮಾತ್ರ ಖಾತ್ರಿಯಿದೆ. ಅಲ್ಲಿ ನನ್ನ ಮಗಳಿಗೆ ಈಗ ಹೆಸರಿದೆ. ಬೈದಾದರೂ ಇಡಿಸಿರುತ್ತಾರೆ.