ಅರವತ್ತಮೂರರ ಪೈಪು

“ಈ ಇಡೀ ಕೋಕಂದ್ ಊರಲ್ಲಿ ಸೈಲೆನ್ಸರ್ ಬದಲಾಯಿಸೋಕೆ ಇಂಥ ಕೈ ಇನ್ನೊಂದಿಲ್ಲ, ತಿಳ್ಕೋ!”

ದ್ರಾಕ್ಷಿ ಚಪ್ಪರದ ಕೆಳಗೆ ಕೂತು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ತುರ್ಗುನ್ ತನ್ನ ಬಲಗೈಯನ್ನು ಹೆಂಡತಿಯ ಮೂಗಿನ ಮುಂದೆ ಹಿಡಿದ. ಆ ಕೈ ಇಪ್ಪತ್ತಾರು ವರ್ಷಗಳಿಂದ ಶಾಲೆಯಲ್ಲಿ ಭೂಗೋಳದ ನಕ್ಷೆ ಬಿಟ್ಟು ಬೇರೇನನ್ನೂ ಬಿಚ್ಚಿರಲಿಲ್ಲ.

“ಹೋದ ವರ್ಷ ನಲ್ಲಿ ರಿಪೇರಿ ಮಾಡಿದ್ದೂ ಇದೇ ಕೈ ಅಲ್ವೇನ್ರೀ?” ಎಂದಳು ಮುಹಬ್ಬತ್. “ಆಮೇಲೆ ಮೂರು ದಿನ ಪಕ್ಕದ ಮನೇಲಿ ನೀರು ಹಿಡಿದ್ವಿ.”

“ಅದು ನಲ್ಲಿ ತಪ್ಪು!”

“ನಾಳೆ ಏನು ದಿನ ಅಂತ ನೆನಪಿದೆ ತಾನೇ?”

ನೆನಪಿಲ್ಲದೆ ಏನು? ಮಗ ಅಸ್ರೋರ್‌ಗೆ ಸೆವಿಂಚ್ ಎಂಬ ಹುಡುಗಿಯನ್ನು ಕೇಳಲು ಮುಹಬ್ಬತ್ ಆಗಲೇ ಎರಡು ಸಲ ಹೋಗಿ ಬಂದಿದ್ದಳು. ಹುಡುಗ ಹುಡುಗಿ ಒಬ್ಬರಿಗೊಬ್ಬರು ಎಂದೋ ಒಪ್ಪಿದ್ದಾಗಿತ್ತು. ಹಿರಿಯರ ಬಾಯಿಂದ ಹೂಂ ಬರುವುದಷ್ಟೇ ಬಾಕಿ. ಮೂರನೆಯ ಸಲಕ್ಕೆ ಉತ್ತರ ಬರುವುದು ವಾಡಿಕೆ. ಹೆಣ್ಣು ಕೇಳುವವರು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬರಬೇಕು. ‘ಆಗದು’ ಎಂದರೂ ಊರಿಗೆ ಗೊತ್ತಾಗಬಾರದು, ಎರಡೂ ಮನೆಯ ಮಾನ ಉಳಿಯಬೇಕು. ತುರ್ಗುನ್‌ನ ಹಳೆಯ ಕಾರೋ ಸೈಲೆನ್ಸರ್ ತುಕ್ಕು ಹಿಡಿದು ಉದುರಿ, ಗೊರಕೆ ಹೊಡೆಯುತ್ತಿತ್ತು.

“ಮೆಕ್ಯಾನಿಕ್ ಹತ್ರ ಬಿಡಿ. ಇಲ್ಲಾಂದ್ರೆ ಮೊದಲಿನ ಹಾಗೆ ಟ್ಯಾಕ್ಸೀಲೇ ಹೋಗ್ತೀನಿ.”

“ಮಗನಿಗೆ ಹೆಣ್ಣು ಕೇಳೋಕೆ ಯಾರದೋ ಟ್ಯಾಕ್ಸಿಯಾ? ಅಪ್ಪ ಅನ್ನೋನು ಬದುಕಿದ್ದೀನಿ!” ಎಂದು ಎದೆ ತಟ್ಟಿಕೊಂಡು ತುರ್ಗುನ್ ಬಜಾರಿಗೆ ಹೊರಟ.

ಬಿಡಿಭಾಗಗಳ ಸಾಲಿನಲ್ಲಿ ದಪ್ಪ ಮೀಸೆಯ ಅಂಗಡಿಯವನೊಬ್ಬ ಸಾವಧಾನವಾಗಿ ಕೇಳಿದ: “ಎಂಜಿನ್ ಎಷ್ಟು ಲೀಟರಿಂದು?”

“ಒಂದೂವರೆ.”

“ಹಾಗಾದ್ರೆ ನಲವತ್ತೈದು ಮಿಲಿಮೀಟರ್ ಪೈಪು.”

“ನಲವತ್ತೈದಾ? ನಮ್ಮ ಮನೇಲಿ ಚಹಾ ಬಗ್ಗಿಸೋ ಕೆಟಲಿನ ಮೂತಿ ಅದಕ್ಕಿಂತ ಅಗಲ ಇದೆ! ಆ ಅರವತ್ತಮೂರು ಕೊಡಿ.”

“ಅದು ಲಾರಿಗೆ...”

“ನೋಡಿ, ನಾನು ನದಿಗಳ ಪಾಠ ಮಾಡೋನು. ಪಾತ್ರ ಅಗಲ ಆದಷ್ಟೂ ನೀರು ಸಲೀಸು. ಹೊಗೆಗೂ ಅದೇ ನ್ಯಾಯ.”

“ಪಾತ್ರ ಅತಿ ಅಗಲ ಆದ್ರೆ ನದಿ ಮಲಗಿಬಿಡುತ್ತೆ, ಮೇಷ್ಟ್ರೇ. ಹೊಗೆಗೆ ಹೊರಗೆ ಓಡೋ ರಭಸ ಇರಲ್ಲ. ಗಾಡಿ ಏರು ಹತ್ತಲ್ಲ, ಸದ್ದು ಮಾತ್ರ ಹತ್ತೂರಿಗೆ ಕೇಳುತ್ತೆ.”

“ಅಂಗಡಿಯವರು ಸಾಮಾನು ಕೊಡಬೇಕು, ಪಾಠ ಹೇಳಬಾರದು!”

ಅಂಗಡಿಯವನು ಮೀಸೆಯಡಿಯಲ್ಲೇ ನಕ್ಕು ಕೊಟ್ಟುಬಿಟ್ಟ. ತುರ್ಗುನ್ ಅರವತ್ತಮೂರರ ಪೈಪನ್ನೂ ಅದಕ್ಕೆ ತಕ್ಕ ಹಂಡೆಯಂಥ ಸೈಲೆನ್ಸರನ್ನೂ ಹೆಗಲ ಮೇಲೆ ಹೊತ್ತು, ಯುದ್ಧ ಗೆದ್ದವನಂತೆ ಮನೆಗೆ ಬಂದ.

ಕಾರಿನಡಿ ಮಲಗಿದಾಗ ತಿಳಿಯಿತು, ಹೊಸ ಪೈಪಿನೊಳಗೆ ಹಳೆಯ ಪೈಪು ಬಾವಿಯೊಳಗಿನ ಕೊಡದಂತೆ ಲಟಪಟ ಆಡುತ್ತದೆ ಎಂದು. ವಿಜ್ಞಾನ ಹೆದರುತ್ತದೆಯೇ? ಟೊಮೇಟೊ ಡಬ್ಬಿಯ ತಗಡು ಸುತ್ತಿ, ಬಟ್ಟೆ ಒಣಹಾಕುವ ತಂತಿ ಕಿತ್ತು ಬಿಗಿದ. ಕೆಲಸ ಮುಗಿದಾಗ ಮರುದಿನ ಬೆಳಿಗ್ಗೆ ಹತ್ತು ಗಂಟೆ. ರೇಷ್ಮೆ ಉಡುಪು ತೊಟ್ಟು, ರೊಟ್ಟಿ ಮಿಠಾಯಿಗಳ ಗಂಟು ಹಿಡಿದು ಮುಹಬ್ಬತ್ ಬಂದು ಕೂತಳು. ಆತ ಕೀಲಿ ತಿರುಗಿಸಿದ.

ಡರ್ರ್ ಭೋಂ!

ಕೋಳಿಗಳೆಲ್ಲ ಗೋಡೆ ಹಾರಿ ಪಕ್ಕದ ಮನೆಗೆ ವಲಸೆ ಹೋದವು.

“ರೀ! ಇದೇನ್ರೀ ಇದು?”

“ಹೊಸದಲ್ವಾ, ಗಂಟಲು ಸರಿಮಾಡ್ಕೋತಿದೆ. ಓಡ್ತಾ ಓಡ್ತಾ ಸರಿಹೋಗುತ್ತೆ!”

ಸರಿಹೋಗಲಿಲ್ಲ. ಸೆವಿಂಚ್‌ಳ ಬೀದಿಗೆ ಕಾಲುವೆಯ ಸೇತುವೆ ದಾಟಿ ಹೋಗಬೇಕು. ಏರಿನಲ್ಲಿ ಕಾರು ಮುಂದಕ್ಕೇ ಹೋಗದು. ತುರ್ಗುನ್ ಹಲ್ಲು ಕಚ್ಚಿ ಆಕ್ಸಿಲರೇಟರ್ ತುಳಿದ. ತಗಡು ಹಾರಿಹೋಯಿತು! ಮದುವೆ ದಿಬ್ಬಣದ ಮುಂದೆ ಊದುವ ಆಳುದ್ದದ ಕಹಳೆ ಇದೆಯಲ್ಲ, ಕರ್ನಾಯ್, ಅಂಥ ಹತ್ತು ಒಟ್ಟಿಗೆ ಊದಿದಂತಾಯಿತು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

“ಕರ್ನಾಯ್! ಕರ್ನಾಯ್! ಯಾರ ಮನೇಲಿ ಮದುವೆ?”

“ಸೆವಿಂಚ್ ಮನೆಗೆ ದಿಬ್ಬಣ ಬಂತು ಕಣ್ರೇ! ನಮಗೊಂದು ಮಾತು ಹೇಳಿಲ್ಲ ನೋಡಿ!” ಎಂದು ಒಬ್ಬಾಕೆ ಕೊಂಕು ತೆಗೆದಳು. ಇನ್ನೊಬ್ಬಾಕೆ ಹಿಟ್ಟಿನ ಕೈಯಲ್ಲೇ ಮದುವೆಯ ಹಾಡು ಎತ್ತಿಯೇಬಿಟ್ಟಳು. ಮೂರು ತಿಂಗಳು ಬೆಕ್ಕಿನ ಹೆಜ್ಜೆಯಲ್ಲಿ ಕಾಪಾಡಿದ ಗುಟ್ಟು ಮೂರು ನಿಮಿಷದಲ್ಲಿ ಬೀದಿಪಾಲು!

ಅಷ್ಟರಲ್ಲಿ ಹುಡುಗಿಯ ಅಪ್ಪ ಹಮ್ದಮ್ ಗೇಟು ತೆರೆದು ಹೊರಗೆ ಬಂದ. ಬಜಾರಿನಲ್ಲಿ ಅದೇನೋ ಅಂಗಡಿಯಂತೆ ಎಂದಷ್ಟೇ ತುರ್ಗುನ್ ಕೇಳಿದ್ದ. ಮುಖ ಕಾಣುವ ಮೊದಲೇ ಮೀಸೆ ಕಂಡಿತು. ಅದೇ ಮೀಸೆ!

“ಸದ್ದು ಕೇಳಿದ ಕೂಡಲೇ ಗುರುತು ಸಿಕ್ತು, ಮೇಷ್ಟ್ರೇ,” ಎಂದ ಹಮ್ದಮ್. “ನಾನೇ ಮಾರಿದ್ದಲ್ವಾ. ನದಿ ಹೇಗೆ ಹರೀತಿದೆ?”

ತುರ್ಗುನ್‌ಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಮುಹಬ್ಬತ್ ಗಂಡನತ್ತ ತಿರುಗಿಯೂ ನೋಡದೆ ಗಂಟು ಎತ್ತಿಕೊಂಡು ಒಳಗೆ ನಡೆದಳು. ಆತ ಸ್ಟಿಯರಿಂಗಿನ ಕೆಳಗೆ ಮುದುಡಿ ಕೂತ. ಮಗನ ಮುಖ ಕಣ್ಣಮುಂದೆ ಬಂತು. ಹುಡುಗನ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ!

ಅರ್ಧ ಗಂಟೆಯ ಮೇಲೆ ಹೆಂಡತಿ ಗಂಟಿನೊಂದಿಗೆ ಬಂದಳು. ಒಯ್ದ ಗಂಟು ಬರಿದಾಗಿ ಹಿಂದಿರುಗುವುದಿಲ್ಲ. ಹೆಣ್ಣಿನ ಕಡೆಯವರು ಒಯ್ದ ರೊಟ್ಟಿಯನ್ನು ಮುರಿದು ಅರ್ಧವನ್ನು ಗಂಟಿನಲ್ಲಿ ಹಿಂದಕ್ಕೆ ಇಟ್ಟಿದ್ದರೆ ಸಂಬಂಧ ಕೂಡಿತು. ರೊಟ್ಟಿ ಇಡಿಯಾಗಿ ಬಂದರೆ ಮುಗಿಯಿತು.

“ಏನಂದ್ರು?” ಎಂದು ಕಾರು ಹೊರಡಿಸುತ್ತ ಆತ ಕೂಗಿದ. ಆಕೆ ಏನೋ ಹೇಳಿದಳು. ಡರ್ರ್ ಭೋಂ! “ಏನೂ?” ಮತ್ತೆ ಹೇಳಿದಳು. ಡರ್ರ್ ಭೋಂ! ದಾರಿಯುದ್ದಕ್ಕೂ ಆಕೆಯ ತುಟಿ ಆಡಿತು, ಆತನಿಗೆ ಅಕ್ಷರವೂ ಕೇಳಲಿಲ್ಲ.

ಅಂಗಳದಲ್ಲಿ ಎಂಜಿನ್ ನಿಂತಿತು.

“ಹೇಳೇ ಮಾರಾಯ್ತಿ, ಏನಂದ್ರು?”

“ಎಷ್ಟು ಸಲ ಹೇಳೋದು? ‘ಗಂಟನ್ನ ಮೇಷ್ಟ್ರೇ ಬಿಚ್ಚಲಿ’ ಅಂದ್ರು. ಅಷ್ಟೇ.”

ಗಂಟನ್ನು ಎತ್ತಿದರೆ ಕಲ್ಲಿನ ಭಾರ! ಒಯ್ದಾಗ ಇಷ್ಟಿರಲಿಲ್ಲ. ರೊಟ್ಟಿ ಮುರಿದೇ ಇಲ್ಲ, ಜೊತೆಗೆ ಇನ್ನೂ ಏನೋ ತುಂಬಿ ಸಾಗಹಾಕಿದ್ದಾರೆ! ತುರ್ಗುನ್ ಬಿಚ್ಚಿದ. ಒಳಗೆ ನೀಟಾಗಿ ಮುರಿದ ಅರ್ಧ ರೊಟ್ಟಿಗಳು! ಮುಹಬ್ಬತ್ ಉಡುಪಿನ ತೋಳಲ್ಲೇ ಕಣ್ಣೊರೆಸಿಕೊಂಡಳು. ರೊಟ್ಟಿಗಳ ಅಡಿಯಲ್ಲಿ, ಹೊಸ ಟವೆಲಿನಲ್ಲಿ ಮಗುವಿನಂತೆ ಸುತ್ತಿಟ್ಟ ಒಂದು ಪೈಪು. ಅದಕ್ಕೊಂದು ಚೀಟಿ:

“ಬೀಗರೇ, ಇದು ನಲವತ್ತೈದು. ದಯವಿಟ್ಟು ನೀವು ಹಾಕಬೇಡಿ.”